ಅಪ್‌ಡೇಟ್ ನಿಂತ ಫೋನ್ ಇನ್ಮುಂದೆ ನಾವು ಮಾರುವುದಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಎಲ್ಲರಿಗೂ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಮುಂದಿನ ತಿಂಗಳ 1ನೇ ತಾರೀಕಿನಿಂದ ನಮ್ಮ ಅಂಗಡಿಯಲ್ಲಿ ಹೊಸದಾಗಲಿ, ಸೆಕೆಂಡ್ ಹ್ಯಾಂಡ್ ಆಗಲಿ, ಕಡಿಮೆ ಅಂದರೂ ಇನ್ನು ಎರಡು ವರ್ಷ ಸಾಫ್ಟ್‌ವೇರಿನ ದೋಷ ಸರಿಮಾಡುವ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತೇವೆ ಅಂತ ಕಂಪನಿಯೇ ಹೇಳಿರುವ ಸ್ಮಾರ್ಟ್‌ಫೋನ್ ಮಾತ್ರ ಮಾರುತ್ತೇವೆ. ಹಾಗಾಗಿ ನಾಲ್ಕು ಸಾವಿರ, ಐದು ಸಾವಿರಕ್ಕೆ ಸಿಗುತ್ತಿದ್ದ ಸೆಕೆಂಡ್ ಹ್ಯಾಂಡ್ ಸೆಟ್‌ಗಳು ಇನ್ನು ನಮ್ಮಲ್ಲಿ ಸಿಗುವುದಿಲ್ಲ. ಎಂಟು ಸಾವಿರದ ಒಳಗೆ ಬೇಕು ಅಂದರೆ ಕೀಪ್ಯಾಡ್ ಫೋನ್ ಮಾತ್ರ.

ಇದನ್ನು ಅಂಗಡಿ ಮುಂದೆ ಬರೆದು ಹಾಕಿದ ವಾರದಲ್ಲೇ "ಈಗ ದೊಡ್ಡವರಾಗ್ಬಿಟ್ರಿ, ಬಡವರು ಬೇಡ ಅಲ್ವಾ" ಅಂತ ಕೇಳಿಸಿಕೊಂಡೆವು. ವಾಟ್ಸಾಪ್ ಗ್ರೂಪಿನಲ್ಲೂ ಓದಿದೆವು. ಬೇಜಾರಾಯಿತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ನಮ್ಮ ತಪ್ಪು. ಯುಗಾದಿ ಆದ ಮೇಲೆ ಒಂದು ಸಂಜೆ ಕೊತ್ತತ್ತಿ ಕಡೆಯ ಹಳೇ ಗಿರಾಕಿಯೊಬ್ಬರು ಮಗಳನ್ನು ಕರೆದುಕೊಂಡು ಬಂದರು. ನಮ್ಮಲ್ಲೇ ಆರು ಸಾವಿರದ ಇನ್ನೂರಕ್ಕೆ ತಗೊಂಡ ಫೋನು, ಆರು ತಿಂಗಳೂ ಆಗಿರಲಿಲ್ಲ. ಬ್ಯಾಂಕಿನ ಆ್ಯಪ್ ತೆರೆದರೆ ಈ ಫೋನಿನಲ್ಲಿ ಇನ್ನು ನಡೆಯುವುದಿಲ್ಲ ಅಂತ ಬರುತ್ತಿತ್ತು. ಆ ಹುಡುಗಿ ಜಗಳ ಮಾಡಲಿಲ್ಲ. ಫೋನನ್ನು ಕೌಂಟರ್ ಗಾಜಿನ ಮೇಲೆ ಇಟ್ಟು, ಸೆಟ್ಟಿಂಗ್ಸ್ ತೆಗೆದು, ಸೆಕ್ಯುರಿಟಿ ಅಪ್‌ಡೇಟ್ ಅನ್ನೋ ಸಾಲಿನ ಮೇಲೆ ಬೆರಳಿಟ್ಟಳು. "ಅಣ್ಣಾ, ಇಲ್ಲಿ ನೋಡಿ, 2021 ಅಂತಿದೆ. ಮಾರುವಾಗ ಇದನ್ನ ನೋಡಿರಲಿಲ್ವಾ?"

ನೋಡಿರಲಿಲ್ಲ. ಡಿಸ್‌ಪ್ಲೇ ನೋಡಿದ್ದೆವು. ಬ್ಯಾಟರಿ, ಚಾರ್ಜಿಂಗ್ ಪಿನ್, ಸ್ಪೀಕರ್, ಕ್ಯಾಮೆರಾ, ಫೋನಿನ ಗುರುತಿನ ಐಎಂಇಐ ನಂಬರು, ಎಲ್ಲ ನೋಡಿದ್ದೆವು. ಒಂದೂ ಕೈಬಿಟ್ಟಿರಲಿಲ್ಲ ಅಂದುಕೊಂಡಿದ್ದ ನಮಗೆ ಆ ಒಂದು ಸಾಲು ನೋಡಬೇಕು ಅನ್ನಿಸಿಯೇ ಇರಲಿಲ್ಲ. ಅವರ ದುಡ್ಡು ಪೂರ್ತಿ ವಾಪಸ್ ಕೊಟ್ಟೆವು. ಆದರೆ ಅಂಥ ಫೋನ್ ಅದೊಂದೇ ಅಲ್ಲ ಅಂತ ನಮಗೂ ಗೊತ್ತು. ನಿಮ್ಮಲ್ಲಿ ಯಾರ ಕೈಯಲ್ಲಿ ಅಂಥದ್ದು ಇದೆಯೋ ಅವರ ಹತ್ತಿರ ಕ್ಷಮೆ ಕೇಳುತ್ತೇವೆ. ಬರೀ ಮಾತಲ್ಲಿ ಅಲ್ಲ, ಏನು ಮಾಡುತ್ತೇವೆ ಅಂತ ಕೆಳಗೆ ಬರೆದಿದ್ದೇವೆ.

ಈಗ ದಿನಕ್ಕೆ ಮೂರು ಸಲವಾದರೂ ಕೇಳುವ ಮಾತಿಗೆ ಬರೋಣ. "ನಮ್ಮ ಬಾಮೈದನದ್ದೂ ಇದೇ ಮಾಡೆಲ್ಲು. ಅವನಿಗೆ ಅಪ್‌ಡೇಟ್ ಬಂದು ಹದಿನೈದು ದಿನ ಆಯ್ತು. ನಂಗ್ಯಾಕೆ ಬಂದಿಲ್ಲ? ನೀವು ಹಳೇ ಸ್ಟಾಕ್ ಕೊಟ್ಟಿದ್ದೀರ. ಇಲ್ಲಾಂದ್ರೆ ಸಿಮ್ ಕಂಪನಿಯವ್ರಿಗೆ ಹೇಳಿ ಕಳಿಸೋಕೆ."

ಅಪ್‌ಡೇಟ್ ನಾವು ಕಳಿಸುವುದಲ್ಲ. ನಮ್ಮಲ್ಲಿ ಸಿಮ್ ಕಂಪನಿಯೂ ಕಳಿಸುವುದಿಲ್ಲ. ಅದು ಬರುವ ದಾರಿ ಹೀಗಿದೆ. ಫೋನಿನ ಸಾಫ್ಟ್‌ವೇರಿನಲ್ಲಿ ಕಳ್ಳರು ನುಗ್ಗಬಹುದಾದ ಒಂದು ತೂತು ಸಿಕ್ಕಿತು ಅಂದುಕೊಳ್ಳಿ. 2015ರಲ್ಲಿ ಸ್ಟೇಜ್‌ಫ್ರೈಟ್ ಅಂತ ಒಂದು ಸಿಕ್ಕಿತ್ತು, ಒಂದು ಎಂಎಂಎಸ್ (ಫೋಟೋ, ವಿಡಿಯೋ ಇರುವ ಮೆಸೇಜು) ಕಳಿಸಿಯೇ ಫೋನಿನ ಒಳಗೆ ನುಗ್ಗಬಹುದು ಅಂತ ಪ್ರಪಂಚವೆಲ್ಲ ಗಾಬರಿಯಾಯಿತು. ಅದೇ ವರ್ಷ ಆಗಸ್ಟಿನಿಂದ ಗೂಗಲ್‌ನವರು ತಿಂಗಳು ತಿಂಗಳು ಆಂಡ್ರಾಯ್ಡ್ ತೂತುಗಳ ಪಟ್ಟಿ ಹೊರಡಿಸಿ, ಅವಕ್ಕೆ ಹಾಕುವ ತೇಪೆಯನ್ನೂ ಕೊಡಲು ಶುರು ಮಾಡಿದರು. ಆದರೆ ಗೂಗಲ್ ಮಾಡಿದ ತೇಪೆ, ಅವರದೇ ಪಿಕ್ಸೆಲ್ ಫೋನ್ ಬಿಟ್ಟರೆ, ನೇರವಾಗಿ ನಿಮ್ಮ ಫೋನಿಗೆ ಬರುವುದಿಲ್ಲ. ಕ್ವಾಲ್‌ಕಾಮ್, ಮೀಡಿಯಾಟೆಕ್ ಥರ ಚಿಪ್ ಮಾಡುವವರು ತಮ್ಮ ಪಾಲಿನ ತೇಪೆ ಕೊಡಬೇಕು. ಆಮೇಲೆ ಫೋನ್ ಕಂಪನಿಯವರು ಎರಡನ್ನೂ ತಮ್ಮ ಸಾಫ್ಟ್‌ವೇರಿಗೆ ಹೊಲಿಯಬೇಕು, ಅದೂ ಒಂದೊಂದು ಮಾಡೆಲಿಗೆ ಬೇರೆ ಬೇರೆ, ಹೊಲಿದದ್ದು ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡಬೇಕು, ಆಮೇಲೆ ಬಿಡಬೇಕು. ದುಬಾರಿ ಮಾಡೆಲಿಗೆ ತಿಂಗಳಿಗೊಮ್ಮೆ ಬರುವುದು ಕಡಿಮೆ ಬೆಲೆಯ ಮಾಡೆಲಿಗೆ ಮೂರು ತಿಂಗಳಿಗೊಮ್ಮೆ ಬರುವುದು ಈ ಕಾರಣಕ್ಕೇ.

ಬಿಡುವಾಗಲೂ ಒಂದೇ ದಿನ ಎಲ್ಲರಿಗೂ ಬಿಡುವುದಿಲ್ಲ. ಮೊದಲು ಸ್ವಲ್ಪ ಜನಕ್ಕೆ ಬಿಟ್ಟು, ತೊಂದರೆ ಏನೂ ಇಲ್ಲ ಅಂತ ಗೊತ್ತಾದ ಮೇಲೆ ಉಳಿದವರಿಗೆ ಬಿಡುತ್ತಾರೆ. ನಿಮ್ಮ ಬಾಮೈದ ಮೊದಲಿನ ಗುಂಪಿನಲ್ಲಿ ಇದ್ದಿರಬಹುದು. ಅವರದ್ದು 5ಜಿ, ನಿಮ್ಮದು 4ಜಿ ಇರಬಹುದು. ಹೆಸರು ಒಂದೇ ಥರ ಇದ್ದರೂ ಒಳಗಿನ ಚಿಪ್ಪೇ ಬೇರೆ ಇರುತ್ತದೆ.

ಸಿಮ್ ಕಂಪನಿ ಮಾತು ಎಲ್ಲಿಂದ ಬಂತು ಅಂತಲೂ ಗೊತ್ತು. ಒಬ್ಬ ಹಿರಿಯರು, "ಅಮೆರಿಕದಲ್ಲಿರೋ ನನ್ನ ಮಗ ಹೇಳ್ದ, ಅಪ್‌ಡೇಟ್ ಸಿಮ್ ಕಂಪನಿಯವ್ರೇ ಕೊಡೋದು ಅಂತ" ಎಂದು ವಾದ ಮಾಡಿದರು. ಅವರ ಮಗ ಹೇಳಿದ್ದರಲ್ಲಿ ನಿಜ ಇದೆ, ಆದರೆ ಅಲ್ಲಿಗೆ. ಅಲ್ಲಿ ಎಷ್ಟೋ ಜನ ಫೋನ್ ಕೊಳ್ಳುವುದೇ ಸಿಮ್ ಕಂಪನಿಯಿಂದ, ತಿಂಗಳ ಕಂತಿನಲ್ಲಿ. ಅಂಥ ಆಂಡ್ರಾಯ್ಡ್ ಫೋನಿನಲ್ಲಿ ಸಿಮ್ ಕಂಪನಿಯ ಆ್ಯಪ್‌ಗಳೂ ಇರುತ್ತವೆ. ಫೋನ್ ಕಂಪನಿ ಸಿದ್ಧ ಮಾಡಿದ ಅಪ್‌ಡೇಟನ್ನು ಸಿಮ್ ಕಂಪನಿ ತನ್ನ ನೆಟ್‌ವರ್ಕಿನಲ್ಲಿ ಪರೀಕ್ಷೆ ಮಾಡಿ ಒಪ್ಪಿದ ಮೇಲೇ ಜನರಿಗೆ ಹೋಗುತ್ತದೆ. ಇದರಿಂದ ತಡ ಆಗುತ್ತಿದೆ ಅಂತ 2016ರಲ್ಲಿ ಅಲ್ಲಿನ ಸರ್ಕಾರದ ಎರಡು ಸಂಸ್ಥೆಗಳು, ಎಫ್‌ಸಿಸಿ ಮತ್ತು ಎಫ್‌ಟಿಸಿ, ಸಿಮ್ ಕಂಪನಿಗಳನ್ನೂ ಫೋನ್ ಕಂಪನಿಗಳನ್ನೂ ಲೆಕ್ಕ ಕೇಳಿದ್ದವು. ಆಪಲ್ ಮಾತ್ರ ಮೊದಲಿನಿಂದಲೂ ಐಫೋನ್ ಅಪ್‌ಡೇಟನ್ನು ತಾನೇ ಕಳಿಸುತ್ತದೆ.

ನಮ್ಮ ದೇಶದಲ್ಲಿ ಹೆಚ್ಚಿನವರಿಗೆ ಫೋನು ಒಂದು ಕಡೆಯದು, ಸಿಮ್ಮು ಇನ್ನೊಂದು ಕಡೆಯದು. ಇವತ್ತು ಜಿಯೋ ಹಾಕಿ, ನಾಳೆ ಏರ್‌ಟೆಲ್ ಹಾಕಿ, ಸೆಕ್ಯುರಿಟಿ ಅಪ್‌ಡೇಟ್ ಬರುವುದು ಫೋನ್ ಕಂಪನಿಯಿಂದಲೇ. ಹಾಗಂತ ಸಿಮ್ ಕಂಪನಿಗೂ ಅಪ್‌ಡೇಟಿಗೂ ಸಂಬಂಧವೇ ಇಲ್ಲ ಅಂತಲ್ಲ. 2022ರ ಅಕ್ಟೋಬರಿನಲ್ಲಿ 5ಜಿ ಶುರುವಾದಾಗ ನೆನಪಿದೆಯಾ? 5ಜಿ ಫೋನ್ ಅಂತ ತಗೊಂಡವರಿಗೆ 5ಜಿ ಹತ್ತಲಿಲ್ಲ. ಫೋನ್ ಕಂಪನಿ ಮತ್ತು ಸಿಮ್ ಕಂಪನಿ ಕೂತು ಪರೀಕ್ಷೆ ಮಾಡಿ, ಅಪ್‌ಡೇಟ್ ಬಿಡುವವರೆಗೂ ಕಾಯಬೇಕಾಯಿತು. ಐಫೋನಿಗೆ ಡಿಸೆಂಬರಿನಲ್ಲಿ ಬಂತು. ಆಗಲೂ ಬೈಗುಳ ತಿಂದವರು ನಾವೇ, ಕೌಂಟರಿನಲ್ಲಿ ಎದುರಿಗೆ ಸಿಗುವವರು ನಾವಲ್ವಾ.

ಇನ್ನೊಂದು ಸಂಬಂಧ ಇದೆ, ಇದು ಹಳ್ಳಿ ಕಡೆ ತುಂಬಾ ಮುಖ್ಯ. ಮನೆಯಲ್ಲಿ ವೈಫೈ ಇಲ್ಲ. ದಿನಕ್ಕೆ 1.5 ಜಿಬಿ ಪ್ಯಾಕು. ದೊಡ್ಡ ಅಪ್‌ಡೇಟ್ ಎರಡು ಜಿಬಿ ದಾಟುತ್ತದೆ. ಪ್ಯಾಕ್ ಖಾಲಿಯಾದ ಮೇಲೆ ಸ್ಪೀಡು 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ಸ್ಪೀಡಿನಲ್ಲಿ ಒಂದು ಜಿಬಿ ಇಳಿಯುವುದಕ್ಕೆ ಹೆಚ್ಚೂ ಕಡಿಮೆ ಒಂದೂವರೆ ದಿನ ಬೇಕು. ಅರ್ಧಕ್ಕೆ ನಿಲ್ಲುತ್ತದೆ, ಆಮೇಲೆ ಅದರ ನೆನಪೇ ಇರುವುದಿಲ್ಲ. ಎಷ್ಟೋ ಫೋನುಗಳಲ್ಲಿ ವೈಫೈ ಇದ್ದರೆ ಮಾತ್ರ ಇಳಿಸು ಅಂತ ಸೆಟ್ಟಿಂಗ್ ಇರುತ್ತದೆ, ಅಲ್ಲಂತೂ ಶುರುವೇ ಆಗುವುದಿಲ್ಲ. ಇನ್ನು ಫೋನಿನಲ್ಲಿ ಜಾಗ. ಮೊನ್ನೆ ಒಬ್ಬರ ಫೋನ್ ನೋಡಿದೆವು, ಗುಡ್ ಮಾರ್ನಿಂಗ್ ಫೋಟೋ ಮತ್ತು ವಿಡಿಯೋಗಳೇ 19 ಜಿಬಿ. ಅವರನ್ನೇ ಕೇಳಿ ಅಳಿಸಿದೆವು, ನಮ್ಮ ವೈಫೈಗೆ ಹಾಕಿದೆವು, ಏಳು ತಿಂಗಳಿಂದ ಬಂದು ಕೂತಿದ್ದ ಅಪ್‌ಡೇಟ್ ನಲವತ್ತು ನಿಮಿಷದಲ್ಲಿ ಮುಗಿಯಿತು. ಅವರೂ ಒಳಗೆ ಬರುವಾಗ ಸಿಮ್ ಕಂಪನಿಯನ್ನೇ ಬೈಯುತ್ತಿದ್ದರು.

ಹಳೇ ಸ್ಟಾಕ್ ಅನ್ನೋ ಮಾತಿನಲ್ಲಿ ಒಂದು ನಿಜ ಇದೆ, ಅದನ್ನು ಮುಚ್ಚಿಡುವುದಿಲ್ಲ. ಒಂದೇ ಮಾಡೆಲ್ ಆದರೆ ನಮ್ಮ ಗಾಜಿನ ಬೀರುವಿನಲ್ಲಿ ಆರು ತಿಂಗಳು ಕೂತಿದ್ದ ಪೀಸಿಗೂ ನಿನ್ನೆ ಬಂದ ಪೀಸಿಗೂ ಅಪ್‌ಡೇಟಿನಲ್ಲಿ ವ್ಯತ್ಯಾಸ ಇಲ್ಲ. ಆದರೆ "ನಾಲ್ಕು ವರ್ಷ ಅಪ್‌ಡೇಟ್" ಅಂತ ಕಂಪನಿ ಹೇಳಿದಾಗ ಆ ಲೆಕ್ಕ ಸಾಮಾನ್ಯವಾಗಿ ನಿಮ್ಮ ಬಿಲ್ಲಿನ ತಾರೀಕಿನಿಂದ ಅಲ್ಲ, ಆ ಮಾಡೆಲ್ ಮೊದಲು ಮಾರುಕಟ್ಟೆಗೆ ಬಂದ ದಿನದಿಂದ. ಬಂದು ಮೂರು ವರ್ಷ ಆದ ಮಾಡೆಲನ್ನು ಸೀಲ್ ಒಡೆಯದ ಡಬ್ಬದಲ್ಲಿ ಹೊಸದಾಗಿ ತಗೊಂಡರೂ ನಿಮಗೆ ಉಳಿಯುವುದು ಒಂದೇ ವರ್ಷ. ಇದನ್ನು ನಾವು ಗಿರಾಕಿಗಳಿಗೆ ಹೇಳುತ್ತಿರಲಿಲ್ಲ. ಇನ್ಮುಂದೆ ಪ್ರತಿ ಫೋನಿನ ಬೆಲೆ ಚೀಟಿಯ ಕೆಳಗೆ ಅಪ್‌ಡೇಟ್ ಯಾವ ವರ್ಷ, ಯಾವ ತಿಂಗಳವರೆಗೆ ಅಂತ ಬರೆದಿರುತ್ತದೆ, ಬಿಲ್ಲಿನಲ್ಲೂ ಬರೆದು ಸಹಿ ಹಾಕಿ ಕೊಡುತ್ತೇವೆ. ಯುರೋಪಿನಲ್ಲಿ 2025ರ ಜೂನ್ 20ರಿಂದ ಕಾನೂನೇ ಬಂದಿದೆ, ಒಂದು ಮಾಡೆಲಿನ ಕೊನೆಯ ಪೀಸು ಮಾರುಕಟ್ಟೆಗೆ ಬಂದ ಮೇಲೂ ಕಡಿಮೆ ಅಂದರೆ ಐದು ವರ್ಷ ಅಪ್‌ಡೇಟ್ ಸಿಗಬೇಕು ಅಂತ. ಇಲ್ಲೂ ಅಂಥದ್ದು ಬಂದರೆ ನಮ್ಮಂಥ ಅಂಗಡಿಯವರಿಗೆ ಅರ್ಧ ತಲೆನೋವು ಕಡಿಮೆ.

ಇನ್ನು ದುಡ್ಡಿನ ಮಾತು. "ಜಾಸ್ತಿ ಬೆಲೆಯ ಫೋನ್ ಮಾರಿ ಜಾಸ್ತಿ ಲಾಭ ಮಾಡ್ಕೊಳ್ಳೋಕೆ ಇದೆಲ್ಲ" ಅಂದವರಿಗೆ ನಮ್ಮ ಲೆಕ್ಕ ತೆರೆದೇ ಹೇಳುತ್ತೇವೆ. ಹತ್ತು ಸಾವಿರದ ಹೊಸ ಫೋನಿನಲ್ಲಿ ನಮಗೆ ಉಳಿಯುವುದು ನಾನೂರು, ಜಾಸ್ತಿ ಅಂದರೆ ಐನೂರು ರೂಪಾಯಿ. ಜಿಎಸ್‌ಟಿ 2020ರ ಏಪ್ರಿಲಿನಲ್ಲಿ 12ರಿಂದ 18 ಪರ್ಸೆಂಟ್ ಆಯಿತು, ಅದು ನಮ್ಮ ಜೇಬಿಗೆ ಬರುವುದಲ್ಲ, ಆದರೆ ಬೆಲೆ ಜಾಸ್ತಿ ಅಂತ ಮಾತು ಕೇಳುವವರು ನಾವು. ಅದೇ ಐದು ಸಾವಿರದ ಸೆಕೆಂಡ್ ಹ್ಯಾಂಡ್ ಸೆಟ್ಟಿನಲ್ಲಿ ಎಂಟುನೂರರಿಂದ ಸಾವಿರ ಉಳಿಯುತ್ತಿತ್ತು. ಅಂಗಡಿ ಬಾಡಿಗೆ ಕಟ್ಟುತ್ತಿದ್ದದ್ದೇ ಆ ಸೆಟ್ಟುಗಳು. ಅದನ್ನು ನಾವಾಗಿ ಬಿಡುತ್ತಿದ್ದೇವೆ. ಆ ಹುಡುಗಿ ಬಂದುಹೋದ ಮೇಲೆ ಎರಡು ರಾತ್ರಿ ಕೂತು ಬೀರುವಿನಲ್ಲಿದ್ದ 31 ಸೆಕೆಂಡ್ ಹ್ಯಾಂಡ್ ಫೋನುಗಳನ್ನೂ ಆನ್ ಮಾಡಿ ತಾರೀಕು ನೋಡಿದೆವು. 22ಕ್ಕೆ ಅಪ್‌ಡೇಟ್ ನಿಂತೇ ಹೋಗಿತ್ತು. ಬೇರೆ ಊರಿನ ವ್ಯಾಪಾರಿಯೊಬ್ಬರು ಅಷ್ಟನ್ನೂ ಒಳ್ಳೇ ರೇಟಿಗೆ ತಗೊಳ್ಳೋಕೆ ತಯಾರಿದ್ದರು. ಕೊಡಲಿಲ್ಲ, ಯಾಕೆಂದರೆ ಅವರು ಅದನ್ನು ಇನ್ಯಾರಿಗೋ ಮಾರುತ್ತಾರೆ ಅಷ್ಟೇ. ಬಿಚ್ಚಿ ಡಿಸ್‌ಪ್ಲೇ, ಕ್ಯಾಮೆರಾ, ಸ್ಪೀಕರ್ ಸ್ಪೇರಿಗೆ ಇಟ್ಟುಕೊಂಡೆವು. ಎಪ್ಪತ್ತು ಸಾವಿರದ ಹತ್ತಿರ ಹೋಯಿತು. ಅದನ್ನು ಯಾರ ಮೇಲೂ ಹಾಕುತ್ತಿಲ್ಲ, ರಿಪೇರಿ ಚಾರ್ಜು ಒಂದು ರೂಪಾಯಿಯೂ ಏರಿಸಿಲ್ಲ. ಹಾಗಿರುವಾಗ ಲಾಭಕ್ಕೆ ಮಾಡಿದರು ಅಂದರೆ ನೋವಾಗುತ್ತದೆ.

ನಿಮ್ಮ ಆಂಡ್ರಾಯ್ಡ್ ಫೋನಿಗೆ ಕೊನೆಯ ಅಪ್‌ಡೇಟ್ ಯಾವ ತಾರೀಕಿನದು ಅಂತ ನೀವೇ ನೋಡಿಕೊಳ್ಳಬಹುದು. ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್ ಒತ್ತಿ, ಅದರೊಳಗೆ ಆಂಡ್ರಾಯ್ಡ್ ವರ್ಷನ್ ಅಥವಾ ಸಾಫ್ಟ್‌ವೇರ್ ಇನ್ಫರ್ಮೇಶನ್ ಒತ್ತಿದರೆ ಸೆಕ್ಯುರಿಟಿ ಪ್ಯಾಚ್ ಅಥವಾ ಸೆಕ್ಯುರಿಟಿ ಅಪ್‌ಡೇಟ್ ಅಂತ ಒಂದು ತಾರೀಕು ಕಾಣುತ್ತದೆ. ಆರು ತಿಂಗಳ ಒಳಗಿದ್ದರೆ ಚಿಂತೆ ಇಲ್ಲ. ವರ್ಷ ದಾಟಿದ್ದರೆ ಅಂಗಡಿಗೆ ತನ್ನಿ. ನಿಂತು ಹೋಗಿದೆ ಅಂದ ಮಾತ್ರಕ್ಕೆ ನಾಳೆಯೇ ಎಸೆಯಬೇಕಾಗಿಲ್ಲ. ಆಂಡ್ರಾಯ್ಡ್ 10 ಆದ ಮೇಲೆ ಬಂದ ಫೋನುಗಳಿಗೆ ಕೆಲವು ಭಾಗದ ತೇಪೆಗಳನ್ನು ಗೂಗಲ್ ತಾನೇ ನೇರವಾಗಿ ಕಳಿಸುತ್ತದೆ, ಆ್ಯಪ್‌ಗಳೂ ಪ್ಲೇಸ್ಟೋರಿನಿಂದ ಅಪ್‌ಡೇಟ್ ಆಗುತ್ತಿರುತ್ತವೆ. ಹಾಡು ಕೇಳಿ, ಮಕ್ಕಳಿಗೆ ವಿಡಿಯೋ ತೋರಿಸಿ. ಬ್ಯಾಂಕು, ಫೋನ್‌ಪೇ, ಗೂಗಲ್‌ಪೇ ಮಾತ್ರ ಅದರಲ್ಲಿ ಬೇಡ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಿಜವಾದ ಅಪ್‌ಡೇಟ್ ವಾಟ್ಸಾಪಿನಲ್ಲಿ ಬರುವುದಿಲ್ಲ, ಎಸ್‌ಎಂಎಸ್ ಲಿಂಕಿನಲ್ಲಿ ಬರುವುದಿಲ್ಲ. ಸಿಮ್ ಕಂಪನಿಯಿಂದ ಮಾತಾಡುತ್ತಿದ್ದೇವೆ, ನಿಮ್ಮ ಫೋನ್ ಸೆಕ್ಯುರಿಟಿ ಅಪ್‌ಡೇಟ್ ಮಾಡಬೇಕು, ಈ ಎಪಿಕೆ ಫೈಲ್ (ಆ್ಯಪ್ ಹಾಕುವ ಫೈಲ್) ಒತ್ತಿ ಅಂದರೆ ಅದು ಕಳ್ಳರೇ. ಒತ್ತಿಬಿಟ್ಟಿದ್ದೀರಾ, ದುಡ್ಡು ಹೋಯಿತಾ, ತಕ್ಷಣ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಮ್ಮ ಹತ್ತಿರ ಬರುವುದು ಆಮೇಲೆ. ಕೈಯಾರೆ ಹಾಕಿಕೊಂಡ ಕಳ್ಳ ಆ್ಯಪನ್ನು ಎಷ್ಟು ಹೊಸ ಅಪ್‌ಡೇಟ್ ಇದ್ದರೂ ತಡೆಯುತ್ತದೆ ಅಂತ ಹೇಳುವಂತಿಲ್ಲ.

ಈಗ ನಾವು ಮಾಡುವುದು. ಕಳೆದ ಒಂದು ವರ್ಷದಲ್ಲಿ ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಅದರ ಅಪ್‌ಡೇಟ್ ಆಗಲೇ ನಿಂತಿದ್ದರೆ, ಕೊಟ್ಟ ಬೆಲೆಯ ಮುಕ್ಕಾಲು ಭಾಗಕ್ಕೆ ಎಕ್ಸ್‌ಚೇಂಜ್ ಹಿಡಿಯುತ್ತೇವೆ. ಬಿಲ್ ಕಳೆದಿದ್ದರೂ ಪರವಾಗಿಲ್ಲ, ಐಎಂಇಐ ನಂಬರ್ ನಮ್ಮ ಪುಸ್ತಕದಲ್ಲಿ ಇದೆ. ಉಳಿದ ದುಡ್ಡನ್ನು ಒಟ್ಟಿಗೆ ಕೊಡಲು ಆಗದವರು ಮೂರು ಕಂತಿನಲ್ಲಿ ಕೊಡಿ, ಬಡ್ಡಿ ಇಲ್ಲ. ಕಬ್ಬಿನ ಬಿಲ್ ಬಂದ ಮೇಲೆ ಕೊಡ್ತೀನಿ ಅನ್ನುವವರಿಗೆ ಇಷ್ಟು ವರ್ಷ ಹೇಗೆ ಕಾದಿದ್ದೇವೋ ಹಾಗೇ ಕಾಯುತ್ತೇವೆ. ಬಡವರು ಬೇಡ್ವಾ ಅಂತ ಕೇಳಿದವರಿಗೂ ಇದೇ ನಮ್ಮ ಉತ್ತರ.

ವೈಫೈ ಅಪ್‌ಡೇಟ್ ಎಂದಿನಂತೆ ಫ್ರೀ, ಫೋನ್ ಎಲ್ಲೇ ತಗೊಂಡಿರಲಿ. ಬುಧವಾರ ಮತ್ತು ಶನಿವಾರ ಮಧ್ಯಾಹ್ನ 2ರಿಂದ 5ರವರೆಗೆ ಬನ್ನಿ, ಆ ಹೊತ್ತಿನಲ್ಲಿ ಗಿರಾಕಿ ಕಡಿಮೆ, ಕೂತು ನೋಡಲು ಪುರುಸೊತ್ತಿರುತ್ತದೆ. ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಮಾಡಿಕೊಂಡು ಬನ್ನಿ. ಮದುವೆ ಫೋಟೋ, ಮಕ್ಕಳ ಫೋಟೋ ಇದ್ದರೆ ಹೇಳಿ, ಮೊದಲು ಅವನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟು ಆಮೇಲೆ ಶುರು ಮಾಡುತ್ತೇವೆ.

ಇಂತಿ,
ಅಂಗಡಿಯ ಎಲ್ಲರ ಪರವಾಗಿ,
ಮಂಡ್ಯ