ನೀಲಗಿರಿ ತೈಲ ತಲೆಗೆ ಹಚ್ಚುವ ಎಣ್ಣೆಯಲ್ಲ

ಮಾನ್ಯ ಸಂಪಾದಕರೇ,

ಸುಗಂಧ ತೈಲಗಳ ಉಪಯೋಗಗಳನ್ನು ಕುರಿತ ಲೇಖನವೊಂದು ಕಳೆದ ವಾರ ನಿಮ್ಮ ಪುರವಣಿಯಲ್ಲಿ ಪ್ರಕಟವಾಗಿತ್ತು. ನೆಗಡಿಗೆ ನೀಲಗಿರಿ, ತಲೆನೋವಿಗೆ ಪುದೀನ, ನಿದ್ದೆಗೆ ಲ್ಯಾವೆಂಡರ್ ಎಂದು ಪಟ್ಟಿ ಕೊಟ್ಟಿದ್ದ ಲೇಖಕರು ಎಷ್ಟು ಹನಿ, ಯಾವ ವಯಸ್ಸಿನವರಿಗೆ, ಯಾರಿಗೆ ಕೂಡದು ಎಂಬುದರ ಗೋಜಿಗೇ ಹೋಗದೆ, ‘ನೈಸರ್ಗಿಕವಾದ್ದರಿಂದ ಅಡ್ಡಪರಿಣಾಮವಿಲ್ಲ’ ಎಂದು ಮುಗಿಸಿದ್ದರು. ಹಾಸನದಲ್ಲಿ ಮೂವತ್ತು ವರ್ಷ ಔಷಧ ಅಂಗಡಿ ನಡೆಸಿ ಈಗ ಮಗನಿಗೆ ವಹಿಸಿಕೊಟ್ಟಿರುವ ನನಗೆ ಆ ಸಾಲನ್ನು ಓದಿ ಸುಮ್ಮನಿರಲಾಗಲಿಲ್ಲ.

ನನ್ನ ತಂಗಿಯ ಮೊಮ್ಮಗನಿಗೆ ಆಗ ಎರಡೂವರೆ ವರ್ಷ. ಊಟಿಗೆ ಹೋದವರು ತಂದಿದ್ದ ನೀಲಗಿರಿ ತೈಲದ ಸೀಸೆ ಮಂಚದ ಪಕ್ಕದ ಗೂಡಿನಲ್ಲಿತ್ತು. ಅದಕ್ಕಿದ್ದದ್ದು ಸಾಧಾರಣ ತಿರುಪಿನ ಮುಚ್ಚಳ. ಹನಿ ಹನಿಯಾಗಿಯೇ ಬೀಳುವಂತೆ ಸೀಸೆಯ ಬಾಯಿಗೆ ಕೂರಿಸುವ ಪ್ಲಾಸ್ಟಿಕ್ ಬಿರಡೆ ಇರಲಿಲ್ಲ. ಸೊಂಟಕ್ಕೆ ಹಚ್ಚಿಕೊಂಡ ತಂಗಿ ಮುಚ್ಚಳವನ್ನು ಅರ್ಧ ತಿರುಗಿಸಿ ಇಟ್ಟಿದ್ದಳು. ಮಗು ಒಂದು ಗುಟುಕು ಕುಡಿದು ಕೆಮ್ಮತೊಡಗಿದಾಗಲೇ ಎಲ್ಲರಿಗೂ ಗೊತ್ತಾದದ್ದು. ಗಾಬರಿಯಲ್ಲಿ ತಾಯಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದಳು. ಕಾಲು ಗಂಟೆಯೊಳಗೆ ಮಗು ತೂಕಡಿಸತೊಡಗಿತು. ಆಸ್ಪತ್ರೆಯ ದಾರಿಯಲ್ಲಿ, ಆಟೋದಲ್ಲೇ, ಕೈಕಾಲು ಸೆಟೆದು ಫಿಟ್ಸ್ ಬಂತು. ಸಂಜೆ ನಾನು ವಾರ್ಡಿಗೆ ಹೋದಾಗ ಆಕ್ಸಿಜನ್ ಮಾಸ್ಕಿನ ಅಂಚಿನಿಂದ ಇನ್ನೂ ನೀಲಗಿರಿಯ ವಾಸನೆ ಬರುತ್ತಿತ್ತು. ಮೂರನೆಯ ದಿನ ಮಗು ಮನೆಗೆ ಬಂದಿತು. ಆಮೇಲೆ ಆ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದೆ: ಕಡಿಮೆಯಾಗಿದ್ದದ್ದು ಹೆಚ್ಚೆಂದರೆ ಒಂದು ಟೀ ಚಮಚದಷ್ಟು.

ವಾಂತಿ ಮಾಡಿಸಿದ್ದೂ ತಪ್ಪೇ ಎಂದು ಅಲ್ಲಿನ ವೈದ್ಯರು ಹೇಳಿದರು. ಇಂಥ ತೈಲ ಮೇಲೆ ಬರುವಾಗ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿ ಉರಿಯೂತವೆದ್ದು ನ್ಯುಮೋನಿಯಾ ಆಗಬಹುದು. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬಾರದೆಂದು ಹಳಬರಿಗೆಲ್ಲ ಗೊತ್ತು. ನೀಲಗಿರಿಗೂ ಅದೇ ನಿಯಮವೆಂಬುದು ಗೊತ್ತಿರುವವರು ಕಡಿಮೆ.

ನಮ್ಮ ಮಾತೂ ಈ ಗೊಂದಲಕ್ಕೆ ಸ್ವಲ್ಪ ಕಾರಣವೆಂದು ನನಗೆ ಅನ್ನಿಸುತ್ತದೆ. ಕೊಬ್ಬರಿ, ಎಳ್ಳು, ಹರಳನ್ನು ಗಾಣದಲ್ಲಿ ಅರೆದು ತೆಗೆದದ್ದೂ ನಮಗೆ ಎಣ್ಣೆ, ಎಲೆಯನ್ನು ಹಬೆಯಲ್ಲಿ ಬೇಯಿಸಿ ಭಟ್ಟಿ ಇಳಿಸಿದ್ದೂ ಎಣ್ಣೆಯೇ. ಆಯುರ್ವೇದದ ಅಭ್ಯಂಗದ ತೈಲಗಳು ಬಹುಪಾಲು ಎಳ್ಳೆಣ್ಣೆಯಲ್ಲಿ ಮೂಲಿಕೆಗಳನ್ನು ಕಾಯಿಸಿ ತಯಾರಿಸಿದವು. ಅವನ್ನು ಬೊಗಸೆಗಟ್ಟಲೆ ಮೈಗೆ ತಿಕ್ಕಿಕೊಳ್ಳಬಹುದು. ನೀಲಗಿರಿ ತೈಲ ಆ ಜಾತಿಯದಲ್ಲ. ನೂರು ಕಿಲೋ ಎಲೆ ಬೇಯಿಸಿದರೆ ಇಳಿಯುವುದು ಒಂದೆರಡು ಕಿಲೋ, ಅದರಲ್ಲೂ ನೂರಕ್ಕೆ ಎಪ್ಪತ್ತರಷ್ಟು ಅಥವಾ ಇನ್ನೂ ಹೆಚ್ಚು ಸಿನಿಯೋಲ್ ಎಂಬ ಒಂದೇ ರಾಸಾಯನಿಕ. ಸೀಸೆಯ ಮೇಲೆ ‘ಶೇ 100 ಶುದ್ಧ’ ಎಂದು ಬರೆದಿದ್ದರೆ ಗಿರಾಕಿ ನೆಮ್ಮದಿಯಿಂದ ಕೊಳ್ಳುತ್ತಾನೆ, ಆದರೆ ಶುದ್ಧವಾದಷ್ಟೂ ಅದು ತೀಕ್ಷ್ಣವೆಂದೇ ಅರ್ಥ. 1916ರಲ್ಲಿ ಮೈಸೂರು ಸಂಸ್ಥಾನ ಶ್ರೀಗಂಧದ ಎಣ್ಣೆಯ ತಯಾರಿಕೆಗೆ ಕೈಹಾಕಿದಾಗ ಶುದ್ಧತೆಯಿಂದಲೇ ನಮ್ಮ ಎಣ್ಣೆಗೆ ಹೆಸರು ಬಂದದ್ದು ನಿಜ. ಅದು ವ್ಯಾಪಾರದ ಗುಣಮಟ್ಟದ ಮಾತೇ ಹೊರತು ಕುಡಿಯಬಹುದು ಎಂಬ ಭರವಸೆಯಲ್ಲ.

ಹಾಗೆಂದು ಇವೆಲ್ಲ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಲವಂಗದ ಎಣ್ಣೆಯ ಯೂಜಿನಾಲನ್ನು ಸತುವಿನ ಆಕ್ಸೈಡಿನೊಂದಿಗೆ ಕಲಸಿ ದಂತವೈದ್ಯರು ಇಂದಿಗೂ ಹಲ್ಲಿನ ಕುಳಿಗೆ ತಾತ್ಕಾಲಿಕವಾಗಿ ತುಂಬುತ್ತಾರೆ. ಕರುಳಿನ ಸೆಳೆತಕ್ಕೆ ಪುದೀನ ಎಣ್ಣೆಯ ಕ್ಯಾಪ್ಸೂಲನ್ನು ವೈದ್ಯರೇ ಬರೆದುಕೊಡುವುದುಂಟು. ನೆಗಡಿಯಾದ ದೊಡ್ಡವರು ಕರವಸ್ತ್ರಕ್ಕೆ ಎರಡು ಹನಿ ನೀಲಗಿರಿ ಹಾಕಿಕೊಂಡು ಮೂಸಿದರೆ ಹಾಯೆನಿಸುತ್ತದೆ. ನಾನೂ ಹಾಗೆ ಮಾಡುತ್ತೇನೆ. ಮೈಗೆ ಹಚ್ಚುವುದಾದರೆ ಹತ್ತು ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ ನಾಲ್ಕು ಹನಿ, ಎಂದರೆ ನೂರಕ್ಕೆ ಸುಮಾರು ಎರಡರ ಪ್ರಮಾಣ ದೊಡ್ಡವರಿಗೆ ಸಾಕು. ನೇರವಾಗಿ ಹಚ್ಚಿಕೊಂಡು ಚರ್ಮ ಕೆಂಪಾಗಿ ಗುಳ್ಳೆಯೆದ್ದವರನ್ನು ಅಂಗಡಿಯ ಕಟ್ಟೆಯ ಮೇಲೆ ಎಷ್ಟೋ ಬಾರಿ ನೋಡಿದ್ದೇನೆ.

ನನ್ನ ಆತಂಕವೆಲ್ಲ ಮಕ್ಕಳ ಕುರಿತಾದದ್ದು. ಶೀತವಾದ ಹಸುಗೂಸಿನ ಮೂಗಿನ ಬಳಿ ನೀಲಗಿರಿಯನ್ನೋ ಪುದೀನ ಹೂವು ಎನ್ನುವ ಮೆಂಥಾಲ್ ಹರಳನ್ನೋ ಸವರುವುದು, ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎದೆಗೆ ತಿಕ್ಕುವುದು, ಓಮ ಕರ್ಪೂರಗಳ ಗಂಟನ್ನು ತೊಟ್ಟಿಲಿಗೆ ಕಟ್ಟುವುದು ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ನಡೆದುಬಂದ ರೂಢಿಗಳು. ಆದರೆ ಮೆಂಥಾಲಿನ ಘಾಟು ಮೂಗಿಗೆ ಹೊಡೆದರೆ ಎಳೆ ಮಗುವಿನ ಗಂಟಲು ಬಿಗಿದು ಉಸಿರೇ ಕಟ್ಟಬಹುದು. ಕರ್ಪೂರ ಚರ್ಮದ ಮೂಲಕವೂ ಒಳಗಿಳಿಯುತ್ತದೆ, ಹೊಟ್ಟೆಗೆ ಹೋದರಂತೂ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ತರಬಲ್ಲದು. ದೇವರ ಮನೆಯ ಬಿಲ್ಲೆ ಮಗುವಿನ ಕಣ್ಣಿಗೆ ಸಕ್ಕರೆಯ ತುಂಡಿನಂತೆಯೇ ಕಾಣುತ್ತದೆ. ದೊಡ್ಡವರೂ ಇದರಿಂದ ಪೂರ್ತಿ ಹೊರತಲ್ಲ: ನೀಲಗಿರಿ ಮತ್ತು ಕರ್ಪೂರವಿರುವ ಪದಾರ್ಥಗಳ ಬಳಕೆಯ ಬೆನ್ನಿಗೆ ಮೂರ್ಛೆ ಕಾಣಿಸಿಕೊಂಡ ವಯಸ್ಕರ ಪ್ರಕರಣಗಳನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿ ಮಾಡಿದ್ದಾರೆ. ಮನೆಯಲ್ಲಿ ಮೂರ್ಛೆರೋಗ ಇರುವವರು ಬಳಸುವ ಮುಲಾಮಿನ ಡಬ್ಬಿಯನ್ನೊಮ್ಮೆ ಓದಿ ನೋಡುವುದು ಒಳ್ಳೆಯದು.

ನೀಲಗಿರಿ ಮರದ ತವರು ಆಸ್ಟ್ರೇಲಿಯಾ. ಅಲ್ಲಿ ಈ ತೈಲವನ್ನು ಮಾರಲು ಮಕ್ಕಳು ಬಿಚ್ಚಲಾಗದ ಮುಚ್ಚಳ, ಹನಿಯ ಬಿರಡೆ, ಎಚ್ಚರಿಕೆಯ ಬರಹ ಮುಂತಾದ ಕಟ್ಟಳೆಗಳಿವೆ. ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟಕ್ಕೆ ಬಂದ ಮರ ಇದು. ನಮ್ಮಲ್ಲಿ ಅದರ ತೈಲವನ್ನು ಪ್ರವಾಸಿ ತಾಣಗಳ ಗಾಡಿಗಳಲ್ಲಿ ಚಾಕೊಲೇಟಿನ ಪಕ್ಕದಲ್ಲೇ ಜೋಡಿಸಿಟ್ಟು ಮಾರುತ್ತಾರೆ. ನಾನು ನೋಡಿದ ಸೀಸೆಗಳಲ್ಲಿ ಹೆಚ್ಚಿನವುಗಳ ಮೇಲೆ ಕನ್ನಡದಲ್ಲಿದ್ದದ್ದು ಹೆಸರು ಮತ್ತು ಗುಣಗಾನ ಮಾತ್ರ. ಔಷಧ ನಿಯಂತ್ರಣ ಇಲಾಖೆಯು ಕನಿಷ್ಠಪಕ್ಷ ರಾಜ್ಯದಲ್ಲಿ ಮಾರುವ ಸೀಸೆಗಳಿಗಾದರೂ ಹನಿಯ ಬಿರಡೆಯನ್ನೂ, ‘ಕುಡಿಯಬಾರದು, ಚಿಕ್ಕ ಮಕ್ಕಳ ಮುಖದ ಬಳಿ ಹಚ್ಚಬಾರದು’ ಎಂಬ ದಪ್ಪಕ್ಷರದ ಕನ್ನಡ ಸಾಲನ್ನೂ ಕಡ್ಡಾಯ ಮಾಡಲಿ. ಬಿರಡೆಗೆ ತಗಲುವ ಖರ್ಚು ಪೈಸೆಗಳ ಲೆಕ್ಕದ್ದು.

ನಿಮ್ಮಲ್ಲಿಯೂ ಒಂದು ವಿನಂತಿ. ಮುಂದೆ ಇಂಥ ಲೇಖನ ಪ್ರಕಟಿಸುವಾಗ ಅದರ ಕೆಳಗೆ ನಾಲ್ಕು ಸಾಲಿನ ಚೌಕ ಹಾಕಿ, ಮಗು ಕುಡಿದರೆ ವಾಂತಿ ಮಾಡಿಸದೆ, ಸೀಸೆಯನ್ನೂ ಕೈಯಲ್ಲಿ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕೆಂದೂ, ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ ಸಂಖ್ಯೆ 1800 116 117 ಎಂದೂ ಅಚ್ಚುಹಾಕಿ. ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಮಗ ಆ ಸಂಖ್ಯೆಯನ್ನು ಅಂಟಿಸಿದ್ದಾನೆ. ನನ್ನ ಕಾಲದಲ್ಲಿ ನಾನು ಅಂಟಿಸಿರಲಿಲ್ಲ.

— ನಿವೃತ್ತ ಔಷಧ ವ್ಯಾಪಾರಿ, ಹಾಸನ