‘ಕೂಡಲೇ ತೆರವು’ ಅಲ್ಲ, ಐದೂವರೆ ಗಂಟೆ

ಮಾನ್ಯ ಸಂಪಾದಕರೇ,

ನಿನ್ನೆಯ ಜಿಲ್ಲಾ ಪುಟದಲ್ಲಿ ನಮ್ಮ ತಿರುವಿನಲ್ಲಿ ರಸ್ತೆಗೆ ಬಿದ್ದ ಧೂಪದ ಮರದ ಸುದ್ದಿ ಓದಿದೆ. ‘ಸ್ಥಳೀಯರ ನೆರವಿನಿಂದ ಮರವನ್ನು ಕೂಡಲೇ ತೆರವುಗೊಳಿಸಲಾಯಿತು’ ಎಂದು ಬರೆದಿದ್ದೀರಿ. ಆ ಸ್ಥಳೀಯರಲ್ಲಿ ನಾನೂ ಒಬ್ಬ. ಮರ ಕೊಯ್ಯುವ ಮೆಷಿನ್ (ಪೆಟ್ರೋಲಿನ ಚೈನ್ ಗರಗಸ) ಹಿಡಿದಿದ್ದವನೇ ನಾನು. ಬೆಳಿಗ್ಗೆ ಏಳಕ್ಕೆ ಬಿದ್ದ ಮರ ರಸ್ತೆ ಬಿಟ್ಟಿದ್ದು ಹನ್ನೆರಡೂವರೆಗೆ. ಇದು ‘ಕೂಡಲೇ’ ಆದರೆ ನಮ್ಮ ಸೇತುವೆ ಕೆಲಸವೂ ಕೂಡಲೇ ಮುಗಿಯುತ್ತಿದೆ ಅನ್ನಬೇಕು.

ತಪ್ಪು ಮರದ್ದಲ್ಲ. ಧೂಪ ಮೆದು ಮರ, ನೆಟ್ಟಗೆ ಕೊಯ್ದರೆ ಮುಕ್ಕಾಲು ಗಂಟೆ ಕೆಲಸ. ತಪ್ಪು ನನ್ನ ಹೊಸ ಮೆಷಿನ್ನಿನದು. ಹೋದ ವರ್ಷ ದೀಪಾವಳಿ ಹೊತ್ತಿಗೆ ನಲವತ್ತೆಂಟು ಸಾವಿರ ಕೊಟ್ಟು ತಂದದ್ದು. ಹೆಸರಾಂತ ಕಂಪನಿ. ಹೆಸರು ಬರೆಯುವುದಿಲ್ಲ, ಕಾರಣ ಕೊನೆಯಲ್ಲಿ ಹೇಳುತ್ತೇನೆ. ಬಾಕ್ಸಿನ ಮೇಲೆ ‘ಪ್ರೊಫೆಷನಲ್’ ಎಂದು ಕೈಯಗಲದ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ.

ಮೊದಲೆರಡು ತುಂಡು ಚೆನ್ನಾಗಿಯೇ ಕೊಯ್ದಿತು. ಮೂರನೆಯದರಲ್ಲಿ ಮರ ಕುಸಿದು ಬಾರ್, ಅಂದರೆ ಚೈನು ಸುತ್ತುವ ಉದ್ದನೆಯ ಪಟ್ಟಿ, ಕಚ್ಚಿಕೊಂಡಿತು. ಇದು ಮರ ಕೊಯ್ಯುವವರಿಗೆ ದಿನಾ ಆಗುವಂಥದ್ದೇ. ಬೆಣೆ ಹೊಡೆದು ಬಿಡಿಸಿ ಮತ್ತೆ ಕೊಯ್ಯಲು ಹೋದರೆ ಬಾರ್‌ನಿಂದ ಹೊಗೆ. ಚೈನಿಗೆ ಎಣ್ಣೆಯೇ ಬರುತ್ತಿಲ್ಲ. ಟ್ಯಾಂಕಿನಲ್ಲಿ ಎಣ್ಣೆ ತುಂಬಿದೆ, ಬಾರ್ ಮಾತ್ರ ದೋಸೆ ಕಾವಲಿ ಥರ ಕಾದು ನೀಲಿ ತಿರುಗಿದೆ. ಅಲ್ಲೇ ರಸ್ತೆಯಲ್ಲಿ ಗೋಣಿ ಹಾಸಿ ಬಿಚ್ಚಿ ನೋಡಿದೆ. ಕ್ಲಚ್ಚಿನ ಹಿಂದೆ ಎಣ್ಣೆ ಪಂಪನ್ನು ತಿರುಗಿಸುವ ಒಂದು ಸಣ್ಣ ಹಲ್ಲಿನ ಬಳೆ ಇರುತ್ತದೆ. ಮೂರು ನಿಮಿಷ ಚೈನು ಕಚ್ಚಿಕೊಂಡ ಕಾವಿಗೆ ಅದು ಮೇಣದ ಹಾಗೆ ಕರಗಿ ಹಲ್ಲೆಲ್ಲ ಮಟ್ಟಸವಾಗಿತ್ತು. ಪ್ಲಾಸ್ಟಿಕ್! ನಲವತ್ತೆಂಟು ಸಾವಿರದ ಮೆಷಿನ್ನಿನಲ್ಲಿ, ಬಿಸಿಯಾಗುವ ಜಾಗದಲ್ಲೇ ಪ್ಲಾಸ್ಟಿಕ್ ಹಲ್ಲು. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ಕಾರಿನಲ್ಲೂ ಇದಕ್ಕಿಂತ ಗಟ್ಟಿ ಇರುತ್ತದೆ.

ನಮ್ಮ ಅಪ್ಪ 2004ರಲ್ಲಿ ತಂದ ಮೆಷಿನ್ನಿನಲ್ಲಿ ಆ ಹಲ್ಲು ಲೋಹದ್ದು. ಇಪ್ಪತ್ತು ಮಳೆಗಾಲ ಓಡಿತು. ಅದರ ಕಾರ್ಬುರೇಟರಿಗೆ ಗಾಳಿ-ಪೆಟ್ರೋಲು ಹೊಂದಿಸಲು ಎಚ್, ಎಲ್ ಅಂತ ಎರಡು ಸ್ಕ್ರೂ. ಪೇಟೆಯ ಹಳೇ ಮೆಕ್ಯಾನಿಕ್ ಬೀಡಿ ಕಚ್ಚಿಕೊಂಡು, ಕಿವಿಕೊಟ್ಟು ಸದ್ದು ಕೇಳಿ, ಕಾಲು ಸುತ್ತು ತಿರುಗಿಸಿದರೆ ಸರಿ. ಹೊಸದರಲ್ಲಿ ಆ ಸ್ಕ್ರೂಗಳೇ ಇಲ್ಲ. ಕಾರ್ಬುರೇಟರಿಗೂ ಕಂಪ್ಯೂಟರ್ ಕೂರಿಸಿದ್ದಾರೆ. ಅದು ತಾನೇ ಗಾಳಿ-ಪೆಟ್ರೋಲು ಹೊಂದಿಸಿಕೊಳ್ಳುತ್ತದಂತೆ. ಫೆಬ್ರುವರಿಯಲ್ಲಿ ಅದಕ್ಕೆ ಏನು ತಲೆ ಕೆಟ್ಟಿತೋ, ಐಡ್ಲಿಂಗಿನಲ್ಲಿ ನಿಲ್ಲುವುದೇ ಇಲ್ಲ. ಹಳೇ ಮೆಕ್ಯಾನಿಕ್ ನೋಡಿ ‘ಇದಕ್ಕೆ ಲ್ಯಾಪ್‌ಟಾಪ್ ಬೇಕು, ನಂಗೆ ಗೊತ್ತಾಗಲ್ಲ’ ಎಂದು ಕೈ ಮುಗಿದರು. ಲ್ಯಾಪ್‌ಟಾಪ್ ಇರುವ ಶೋರೂಮು ಅರವತ್ತು ಕಿಲೋಮೀಟರ್ ದೂರ. ಎರಡು ಸಲ ಹೋಗಿಬಂದೆ. ಮೊದಲ ಸಲ ಲ್ಯಾಪ್‌ಟಾಪ್ ಇತ್ತು, ಹುಡುಗ ರಜೆ. ಎರಡನೇ ಸಲ ಹುಡುಗ ಇದ್ದ, ಕೇಬಲ್ ಇರಲಿಲ್ಲ.

ಹೊಗೆ ಕಡಿಮೆ ಮಾಡಬೇಕೆಂದು ಯುರೋಪ್, ಅಮೆರಿಕದವರು ಕಾನೂನು ಮಾಡಿದ್ದಾರೆ, ಅದಕ್ಕೇ ಇದೆಲ್ಲ ಎಂದು ಶೋರೂಮಿನವರು ಪಾಠ ಮಾಡಿದರು. ಇರಲಿ. ಟೂ-ಸ್ಟ್ರೋಕ್ ಹೊಗೆ ಕುಡಿದವರಿಗೆ ಅದರ ಕಷ್ಟ ಗೊತ್ತು. ಹೊಸ ಮೆಷಿನ್ ಹಗುರ, ಕೈ ಜೋಮು ಹಿಡಿಯುವುದೂ ಕಡಿಮೆ. ಸುಳ್ಳು ಹೇಳಬಾರದು. ಆದರೆ ಹೊಗೆಗೂ ಪ್ಲಾಸ್ಟಿಕ್ ಹಲ್ಲಿಗೂ ಏನು ಸಂಬಂಧ ಸ್ವಾಮಿ?

ಜರ್ಮನಿಯಲ್ಲಿ 1927ರಲ್ಲಿ ಬಂದ ಮೊದಲ ಪೆಟ್ರೋಲ್ ಗರಗಸಕ್ಕೆ ಇಬ್ಬರು ಬೇಕಾಗುತ್ತಿತ್ತಂತೆ. ನನ್ನದಕ್ಕೂ ಇಬ್ಬರು ಬೇಕು. ಒಬ್ಬ ಹಗ್ಗ ಎಳೆಯಲು, ಇನ್ನೊಬ್ಬ ಶೋರೂಮಿಗೆ ಫೋನ್ ಮಾಡಲು.

ಇನ್ನು ವಾರಂಟಿ ಕಥೆ. ಏಪ್ರಿಲ್‌ನಲ್ಲಿ ಪೆಟ್ರೋಲ್ ಪೈಪು ಉಬ್ಬಿ ಮೆತ್ತಗಾಯಿತು. ವಾರಂಟಿಯಲ್ಲಿ ಕೇಳಿದರೆ, ‘ನೀವು ಎಥೆನಾಲ್ ಜಾಸ್ತಿ ಇರುವ ಪೆಟ್ರೋಲ್ ಹಾಕಿದ್ದೀರಿ’ ಎಂದರು. ಪುಸ್ತಕದಲ್ಲಿ ನೂರಕ್ಕೆ 10ರವರೆಗೆ ಮಾತ್ರ ಎಂದು ಬರೆದಿದೆಯಂತೆ. ಪುಸ್ತಕ ತೆಗೆದು ನೋಡಿದೆ, ಹೌದು, ಇದೆ. ನಮ್ಮ ಬಂಕಿನಲ್ಲಿ ಸಿಗುವುದು 20ರದ್ದು. 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಪ್ರಧಾನಿಗಳು ಅದನ್ನು ಉದ್ಘಾಟಿಸಿದ್ದು ನೀವೇ ಮುಖಪುಟದಲ್ಲಿ ಹಾಕಿದ್ದಿರಿ. ಹಾಗಾದರೆ 10ರ ಪೆಟ್ರೋಲನ್ನು ನಾನು ಎಲ್ಲಿಂದ ತರಲಿ? ನಮ್ಮ ಬಾವಿಯಿಂದಲಾ? ಎಥೆನಾಲ್ ನೀರು ಎಳೆದುಕೊಳ್ಳುತ್ತದೆ. ಒಲೆ ಮೇಲೆ ಕಟ್ಟಿದ ಕಂಬಳಿಯೇ ಒಣಗದ ನಮ್ಮ ಮಳೆಗಾಲದಲ್ಲಿ ಕ್ಯಾನಿನಲ್ಲಿ ಹದಿನೈದು ದಿನ ಇಟ್ಟ ಪೆಟ್ರೋಲಿನ ತಳದಲ್ಲಿ ಏನಿರುತ್ತದೆ ಎಂದು ಕಂಪನಿಯವರೊಮ್ಮೆ, ಮಂತ್ರಿಗಳೊಮ್ಮೆ ಬಂದು ನೋಡಲಿ. ಈ ದೇಶದಲ್ಲಿ ಮಾರುವ ಮೆಷಿನ್ನಿಗೆ ಈ ದೇಶದ ಪೆಟ್ರೋಲ್ ಆಗುವುದಿಲ್ಲ ಎಂದರೆ ಮಾರಿದ್ದೇಕೆ? ಮಾರುವಾಗ ಒಬ್ಬರೂ ಬಾಯಿ ಬಿಡಲಿಲ್ಲವಲ್ಲ!

ಮರದ ಆಚೆ ಈಚೆ ಏನಾಯಿತು ಅನ್ನುವುದೂ ನಿಮ್ಮ ವರದಿಯಲ್ಲಿಲ್ಲ. ಹನ್ನೊಂದು ದಿನ ಸುರಿದ ಮೇಲೆ ಅವತ್ತು ಒಂದು ಹೊಳವು. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಕೊನೆಗೌಡ (ಅಡಿಕೆ ಮರ ಹತ್ತುವವನು) ಒಪ್ಪಿದ್ದ. ಅವನು ಸಿಗುವುದೆಂದರೆ ತಹಶೀಲ್ದಾರರು ಸೀಟಿನಲ್ಲಿ ಸಿಕ್ಕಷ್ಟೇ ಅಪರೂಪ. ಮನೆಯಲ್ಲಿ ಆಳು ಬೆಳಿಗ್ಗೆಯೇ ಎರಡು ಕಿಲೋ ಮೈಲುತುತ್ತ, ಎರಡು ಕಿಲೋ ಸುಣ್ಣ ಹಾಕಿ ಇನ್ನೂರು ಲೀಟರ್ ಬೋರ್ಡೋ ಔಷಧಿ ಕಲಸಿಟ್ಟಿದ್ದ. ಕಲಸಿದ್ದನ್ನು ಅವತ್ತೇ ಹೊಡೆಯಬೇಕು, ಇಟ್ಟರೆ ಕೆಟ್ಟಿತು. ಕೊನೆಗೌಡ ಮರದ ಆಚೆ ಬೈಕ್ ನಿಲ್ಲಿಸಿಕೊಂಡು ಹತ್ತರವರೆಗೆ ಕಾದ. ಆಮೇಲೆ ಬೇರೆಯವರ ತೋಟಕ್ಕೆ ಹೋದ. ಎರಡು ಗಂಟೆಗೆ ಮತ್ತೆ ಮಳೆ. ಔಷಧಿ ಚರಂಡಿಗೆ. ಡೇರಿ ಹಾಲು ವಾಪಸ್, ಶಾಲೆ ಮಕ್ಕಳು ವಾಪಸ್. ಕೊನೆಗೆ ನಾಲ್ಕು ಜನ ಎರಡು ಕೊಡಲಿ, ಅಜ್ಜನ ಕಾಲದ ಒಂದು ಕೈಗರಗಸ ಹಿಡಿದು ಆ ಮರ ತೆಗೆದರು. ‘ಪ್ರೊಫೆಷನಲ್’ ಗೋಣಿ ಮೇಲೆ ಮಲಗಿ ನೋಡುತ್ತಿತ್ತು.

ಅಂದಹಾಗೆ, ಆ ಮರ ರಸ್ತೆ ಕಡೆ ವಾಲಿದೆ ಎಂದು ಹೋದ ವರ್ಷವೇ ಅರಣ್ಯ ಇಲಾಖೆಯವರಿಗೆ ಅರ್ಜಿ ಕೊಟ್ಟಿದ್ದೆ. 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಸುಮ್ನೆ ಮುಟ್ಟುವಂತಿಲ್ಲ, ಬಂದು ನೋಡುತ್ತೇವೆ ಎಂದಿದ್ದರು. ಬಂದರು. ಮರ ಬಿದ್ದ ಮೇಲೆ, ಮಧ್ಯಾಹ್ನ ಒಂದಕ್ಕೆ, ಟೇಪು ಹಿಡಿದು ಸುತ್ತಳತೆ ತೆಗೆಯಲು. ನನ್ನ ಅರ್ಜಿಗೆ ಅಷ್ಟರೊಳಗೆ ಮರವೇ ಉತ್ತರ ಕೊಟ್ಟಿತ್ತು. ಕೊಯ್ದ ತುಂಡು ಎಣಿಸಿ, ‘ಯಾರೂ ಮನೆಗೆ ಒಯ್ಯಬೇಡಿ’ ಎಂದು ನಮಗೇ ಎಚ್ಚರಿಕೆ ಕೊಟ್ಟು ಹೋದರು. ಅವರ ಜೀಪಿನ ಹಿಂದೆ ಒಂದು ಮರ ಕೊಯ್ಯುವ ಮೆಷಿನ್ ಇತ್ತು. ಕವರ್ ಕೂಡ ತೆಗೆದಿರಲಿಲ್ಲ. ಅದೂ ನನ್ನದರ ಜಾತಿಯದೇ, ಹಾಗಾಗಿ ತೆಗೆಯದ್ದೇ ಒಳ್ಳೆಯದಾಯಿತು.

ಕರಗಿದ ಹಲ್ಲಿನ ಬಳೆ ಈಗ ಜೇಬಿನಲ್ಲಿದೆ. ಅದೊಂದೇ ಸಿಗುವುದಿಲ್ಲ, ಪೂರ್ತಿ ಎಣ್ಣೆ ಪಂಪ್ ಸೆಟ್ ತೆಗೆದುಕೊಳ್ಳಬೇಕಂತೆ. ಎರಡು ಸಾವಿರದ ಎಂಟುನೂರು, ಹದಿನೈದು ದಿನ. 2022ರ ಡಿಸೆಂಬರಿನಲ್ಲಿ ಕೇಂದ್ರದವರು ‘ರಿಪೇರಿ ಹಕ್ಕು’ ಎಂದು ಒಂದು ಪೋರ್ಟಲ್ ತೆರೆದರು, ಕೃಷಿ ಉಪಕರಣವೂ ಅದರಲ್ಲಿ ಸೇರಿದೆ. ನಮ್ಮಲ್ಲಿ ಟವರ್ ಇದ್ದ ದಿನ ಕರೆಂಟ್ ಇರುವುದಿಲ್ಲ, ಕರೆಂಟ್ ಇದ್ದ ದಿನ ಟವರ್ ಇರುವುದಿಲ್ಲ. ಹಕ್ಕು ಚಲಾಯಿಸಲು ಕೊಟ್ಟಿಗೆ ಮಾಡು ಹತ್ತಬೇಕು.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ (ನಿಮ್ಮ ವರದಿಯ ‘ಕೂಡಲೇ’ ಅಲ್ಲ) ಕಂಪನಿಗಳಿಗೆ ತಾಕೀತು ಮಾಡಿ ಆ ಹಲ್ಲನ್ನು ಲೋಹದ್ದು ಮಾಡಿಸಬೇಕು. ಇಲ್ಲವೇ ಪೆಟ್ರೋಲನ್ನಾದರೂ ಸರಿಮಾಡಬೇಕು. ಎರಡೂ ಆಗದಿದ್ದರೆ ವಾಲಿದ ಮರಗಳನ್ನು ಮಳೆಗಾಲಕ್ಕೆ ಮುಂಚೆ ತೆಗೆಸಿ, ನಮ್ಮ ಕೈಗೆ ಮೆಷಿನ್ನೇ ಬರದಂತೆ ನೋಡಿಕೊಳ್ಳಬೇಕು. ಯಾರಿಗೆ ಸಂಬಂಧಪಟ್ಟದ್ದು ಎಂದು ಗೊತ್ತಾದರೆ ನೀವೇ ಪ್ರಕಟಿಸಿ. ಮುಂದಿನ ಸಲ ವರದಿಗಾರರು ಫೋನಿನಲ್ಲಿ ಕೇಳಿ ಬರೆಯುವ ಬದಲು ಒಮ್ಮೆ ಬರಲಿ. ಬರುವಾಗ ಒಂದು ಕೊಡಲಿ ತರಲಿ.

– ಒಬ್ಬ ಅಡಿಕೆ ಬೆಳೆಗಾರ, ಮಲೆನಾಡು

(ನನ್ನ ಹೆಸರು, ಕಂಪನಿ ಹೆಸರು ಎರಡೂ ಹಾಕಬೇಡಿ. ಪಂಪ್ ಸೆಟ್‌ಗೆ ಅದೇ ಶೋರೂಮಿಗೆ ಮುಂಗಡ ಕಟ್ಟಿದ್ದೇನೆ.)