‘ರೂಢಿ ಐತ್ರಿ’ ಅಂದರೆ ಸೆಕೆ ಇಲ್ಲ ಅಂತಲ್ಲ

ಮಾನ್ಯ ಸಂಪಾದಕರೇ,

ನಾನು ಗದಗಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಎಂ.ಎ. ಅರ್ಥಶಾಸ್ತ್ರದ ತರಗತಿ, ಮೇಲಿನ ಮಹಡಿಯಲ್ಲಿ. ಮಾರ್ಚ್ ಬಂತೆಂದರೆ ಮಧ್ಯಾಹ್ನ ಎರಡರ ಹೊತ್ತಿಗೆ ತಲೆ ಮೇಲಿನ ಸ್ಲ್ಯಾಬು ರೊಟ್ಟಿ ಹಂಚಿನಂತೆ ಕಾದಿರುತ್ತದೆ. ಫ್ಯಾನು ನಾಲ್ಕು, ತಿರುಗುವುದು ಎರಡು.

ತಿರುಗುವ ಆ ಎರಡರ ಕೆಳಗಿನ ಬೆಂಚು ಸ್ಕೂಟಿಯಲ್ಲಿ ಬೇಗ ಬರುವ ಗದಗ ಊರಿನವರಿಗೆ. ರೋಣ, ಮುಂಡರಗಿ ಕಡೆಯಿಂದ ಬಸ್ಸಿನಲ್ಲಿ ನಿಂತು ಬರುವವರಿಗೆ ಉಳಿಯುವುದು ಪಡುವಣ ಗೋಡೆಗೆ ಹತ್ತಿದ ಬೆಂಚು. ಬೆನ್ನು ಹಚ್ಚಿದರೆ ಗೋಡೆ ಚುರುಕ್ ಅನ್ನುತ್ತದೆ. ಅದಕ್ಕೇ ಮುಂದೆ ಬಾಗಿ ಕೂಡುತ್ತಾರೆ. ತೂಕಡಿಸುತ್ತಿದ್ದಾರೆ ಅಂತ ಮೊದಲು ನಾನೇ ಬೈದಿದ್ದೆ.

ಫ್ಯಾನ್ ರಿಪೇರಿಗೆ ಕಚೇರಿಯಲ್ಲಿ ಕೇಳಿದರೆ, "ಹುಡುಗರ ಕಂಪ್ಲೇಂಟೇ ಇಲ್ಲಲ್ರೀ ಮೇಡಂ. ಬಿಸಲಾಗ ಬೆಳದ ಮಕ್ಕಳು" ಎಂದರು. ತರಗತಿಯಲ್ಲಿ ವಿಚಾರಿಸಿದೆ. ಸೆಕೆ ತಡೆಯಲಾಗದು ಅಂತ ಊರಿನವರು ಒಟ್ಟಿಗೇ ಕೂಗಿದರು. ಗೋಡೆ ಬದಿಯ ಹುಡುಗಿ ಮಾತ್ರ "ನಮಗ ರೂಢಿ ಐತ್ರಿ" ಎಂದಳು. ನೋಟ್‌ಬುಕ್ಕಿನ ಹಾಳೆ ಅವಳ ಮುಂಗೈ ಬೆವರಿಗೆ ಅಂಟಿತ್ತು, ಅಕ್ಷರ ಕಲೆಸಿಹೋಗಿದ್ದವು. ಮನೆಗೆ ತಗಡು ಹೊದಿಸಿದವರಿಗೆ ನಮ್ಮ ಕೋಣೆ ತಂಪು ಅನ್ನಿಸಲೂಬಹುದು. ಅಲ್ಲದೆ ಸ್ಕಾಲರ್‌ಶಿಪ್ ಅರ್ಜಿ ಹಿಡಿದು ಅದೇ ಕಚೇರಿ ಕಿಟಕಿಗೆ ನಿಲ್ಲಬೇಕಾದವರು ಫ್ಯಾನಿಗಾಗಿ ಜಗಳ ತೆಗೆಯುತ್ತಾರಾ?

ಕೋಣೆಯೊಳಗಿನ ಹಿತ ಅಳೆಯಲು ಡೆನ್ಮಾರ್ಕಿನ ವಿಜ್ಞಾನಿ ಫಾಂಗರ್ 1970ರಲ್ಲೇ ಒಂದು ಲೆಕ್ಕ ಕೊಟ್ಟರು. ಗಾಳಿಯ ಬಿಸಿ, ಗೋಡೆ-ಛಾವಣಿಯ ಬಿಸಿ, ತೇವ, ಗಾಳಿಯ ವೇಗ, ತೊಟ್ಟ ಬಟ್ಟೆ, ಮೈಯ ದುಡಿತ, ಒಟ್ಟು ಆರು ಅಂಶ ಆ ಲೆಕ್ಕಕ್ಕೆ ಸಾಕು. ಮನೆ ಎಂಥದ್ದು, ಎಷ್ಟು ಗಂಟೆಗೆ ಎದ್ದು ಬಂದೆ ಎಂದು ಅದು ಕೇಳುವುದಿಲ್ಲ. ಮೈ ಬಿಸಿಲಿಗೆ ಒಗ್ಗುತ್ತದೆ ಎಂದು ಆಮೇಲಿನವರು ತೋರಿಸಿದ್ದು ನಿಜವೇ. ಆದರೆ ಒಗ್ಗಿದವರಿಗೆ ಫ್ಯಾನ್ ಬೇಡ ಅಂತ ಯಾರೂ ಹೇಳಲಿಲ್ಲ.

ನಾನು ಎಸಿ ಕೇಳುತ್ತಿಲ್ಲ. (ಮೀಟಿಂಗ್ ಹಾಲಿಗೆ ಇದೆ, ಅದು ಬೇರೆ ಕಥೆ.) ಎರಡು ಫ್ಯಾನ್ ರಿಪೇರಿ ಮಾಡಿಸಿ, ಛಾವಣಿಗೆ ಬಿಳಿ ಸುಣ್ಣ ಬಳಿಸಿದರೆ ಎಷ್ಟೋ ಆಯಿತು. ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ ಏಪ್ರಿಲ್-ಮೇ ತಿಂಗಳು ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ನಮ್ಮ ತರಗತಿಗೂ ಹಾಗೇ ಮಾಡಿ ಅನ್ನೋಣವೆಂದರೆ ಹಳ್ಳಿಯ ಮೊದಲ ಬಸ್ಸು ಅಷ್ಟೊತ್ತಿಗೆ ಬಂದಿರುವುದಿಲ್ಲ! ಯಾವ ಹೊತ್ತು ಆದೀತು ಅಂತ ಕಾಲೇಜಿನವರು ಆ ಹುಡುಗರನ್ನೇ ಕೇಳಲಿ. ಕಚೇರಿ ಕಿಟಕಿಯಲ್ಲಿ ನಿಲ್ಲಿಸಿ ಅಲ್ಲ, ಹೆಸರು ಬರೆಯದ ಚೀಟಿಯಲ್ಲಿ.

— ಅತಿಥಿ ಉಪನ್ಯಾಸಕಿ, ಗದಗ